ಟೀಚ್ ಎಂಬ ಗುಂಡಿ

ತಿಕೋಟಾ ದಾಟಿ ಎರಡು ಮೈಲು,
ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಹಸಿರು ಜಾಲರಿ
(ಹಸಿರೆಂದು ಎಲ್ಲರೂ ಅನ್ನುತ್ತಾರೆ, ನಾನೂ ಅನ್ನುತ್ತೇನೆ)
ಮುಗಿದಲ್ಲಿ, ತಗಡಿನ ಸೂರಿನಡಿ
ಮಣೂಕದ ಪಟ್ಟಿ ಓಡುತ್ತದೆ.
ನಾನು ಬೆಳಗಾವಿಯ ಉದ್ಯಮಬಾಗದಿಂದ ಬಂದವನು,
ಚೀಲದಲ್ಲಿ ಮೀಟರು, ಸ್ಕ್ರೂಡ್ರೈವರು, ಎರಡು ರೊಟ್ಟಿ,
ಹೆಬ್ಬೆಟ್ಟಿನಷ್ಟುದ್ದ ಬಣ್ಣದ ಸೆನ್ಸರು ನಾಲ್ಕು.

ಸೆನ್ಸರಿಗೆ ಹುಟ್ಟುತ್ತ ಏನೂ ಗೊತ್ತಿರುವುದಿಲ್ಲ.
ಮೈಮೇಲೊಂದು ಗುಂಡಿ, ಟೀಚ್ ಅಂತ ಬರೆದದ್ದು.
ಒಳ್ಳೆಯ ಕಾಳು ಮುಂದಿಟ್ಟು ಒತ್ತಿದರೆ
ತನ್ನದೇ ಪುಟ್ಟ ಬಿಳಿ ದೀಪ ಚೆಲ್ಲಿ
ಮರಳಿ ಬಂದದ್ದನ್ನು ಮೂರಾಗಿ ಮುರಿದು
ನೆನಪಿಡುತ್ತದೆ: ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು.
ಆಮೇಲೆ ಬಂದ ಕಾಳು ಆ ಲೆಕ್ಕಕ್ಕೆ ಹೊಂದದಿದ್ದರೆ
ಗಾಳಿಯ ಒಂದೇ ಏಟು. ಫಸ್!
ಕಾಳು ಪಕ್ಕದ ಡಬ್ಬಿಗೆ.

ಒಳ್ಳೆಯ ಕಾಳು ಯಾವುದು ಅಂದೆ.
ಮಾಲೀಕರು ಫೋನಿನಿಂದ ಮುಖ ಎತ್ತದೆ
"ಶಾವಂತ್ರೆವ್ವನ ಕೇಳ್ರಿ" ಅಂದರು.

ಇಪ್ಪತ್ತೆರಡು ವರ್ಷ ತಾಡಪತ್ರಿಯ ಮೇಲೆ
ಕೂತು ಆರಿಸಿದ ಬೆರಳು ಅವಳವು.
"ಹಸರ ಅಂದ್ರ ಯಾವ ಹಸರೋ ತಮ್ಮಾ?
ಎಳಿ ಸವತಿಕಾಯಿದೋ, ಗಿಳಿ ಪುಕ್ಕದ್ದೋ,
ಹೆಸರಕಾಳ ನೆನಿಸಿದ ನೀರಿಂದೋ?
ಮುಂಜಾನಿ ನೋಡಿದ್ದೋ, ಸಂಜಿ ನೋಡಿದ್ದೋ?"
ಮೊರದಿಂದ ಒಂದೊಂದೇ ಎತ್ತಿ
ಇದು ಎಡಕ್ಕೆ, ಇದು ಬಲಕ್ಕೆ.
ನನ್ನ ಕಣ್ಣಿಗೆ ಎರಡು ಗುಡ್ಡೆಯೂ ಒಂದೇ.

ಹದಿನೆಂಟು ವರ್ಷದ ಹಿಂದೆ ಹುಬ್ಬಳ್ಳಿಯ
ರೈಲ್ವೆ ಆಸ್ಪತ್ರೆಯಲ್ಲಿ ಚುಕ್ಕಿಗಳ ಪುಸ್ತಕ ತೆರೆದು
ಯಾವ ಅಂಕಿ ಅಂತ ಕೇಳಿದ್ದರು.
ಅಂಕಿ ಇರಲಿಲ್ಲ. ಬರೀ ಚುಕ್ಕಿ.
ಎಂಜಿನ್ನು ಓಡಿಸುವವ ನಾನಲ್ಲ ಎಂದು
ಡಾಕ್ಟರು ಪುಸ್ತಕ ಮುಚ್ಚಿದರು, ಮೆಲ್ಲಗೆ.
ಆಮೇಲೆ ಹೊಟ್ಟೆಗೆ ಗಂಟುಬಿದ್ದ ಕೆಲಸ ನೋಡಿ, ಬಣ್ಣ!
ಬಾಟಲಿ ಮುಚ್ಚಳದ ಬಣ್ಣ, ಮಾತ್ರೆಯ ಬಣ್ಣ, ಹಂಚಿನ ಬಣ್ಣ.
ಅಂಕಿ ಓದಿ ಓದಿ ಬಣ್ಣ ಹೇಳಿದೆ.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ,
ಮನೆಯವಳಿಗೂ.

ಮಧ್ಯಾಹ್ನ ಮೂರಕ್ಕೆ ಯಂತ್ರಕ್ಕೆ ಹುಚ್ಚು.
ಫಸ್ ಫಸ್ ಫಸ್, ಒಳ್ಳೆ ಕಾಳೆಲ್ಲ ಡಬ್ಬಿಗೆ.
ನಾನು ಪರದೆಯ ಅಂಕಿ ಬೆನ್ನಟ್ಟುತ್ತಿದ್ದೆ.
ಅವಳು ಸೂರು ನೋಡಿದಳು: ಮೊಳೆ ಕಿತ್ತ ತೂತಿನಿಂದ
ಬಿಸಿಲ ಕೋಲೊಂದು ಇಳಿದು ಪಟ್ಟಿಯ ಮೇಲೆ ನಿಂತಿತ್ತು.
"ಬಿಸಲಿಗಿ ಅದಕ ಕಣ್ಣ ಕುಕ್ಕಾಕತ್ತಾವ, ಪಾಪ."
ಗೋಣಿಚೀಲ ಹರಿದು ಅಡ್ಡ ತೂಗುಹಾಕಿದಳು.
ಯಂತ್ರ ತಣ್ಣಗಾಯಿತು.

ಆಗಲೇ ಎರಡು ಕಾಳು ಅಂಗೈಲಿಟ್ಟು ಕೇಳಿದಳು:
"ಇದರಾಗ ಹಸರ ಯಾವದು?"
ನಾನು ಪರದೆಯತ್ತ ತಿರುಗಿದೆ.
"ಅದನ್ನಲ್ಲ. ಕಾಳ ನೋಡು."

ಸಿಕ್ಕಿಬಿದ್ದೆ.
ಅವಳು ನಗಲಿಲ್ಲ.
"ನಮ್ಮ ಮಾವಗೂ ಹಂಗ ಇತ್ತು.
ಹಸಿ ಮೆಣಸಿನಕಾಯಿ, ಹಣ್ಣ ಮೆಣಸಿನಕಾಯಿ ಎರಡೂ ಒಂದ ಅಂತಿದ್ದ,
ಕಚ್ಚಿ ನೋಡಿ ಹೇಳತಿದ್ದ, ಕಣ್ಣಾಗ ನೀರ ಹಾಕ್ಕೊಂಡು."
ಆಮೇಲೆ ನಕ್ಕಳು. ನಾನೂ.
ನಡುವೆ ಒಮ್ಮೆ ಕೇಳಿದಳು,
"ಇದು ಕಲತ ಮ್ಯಾಗ ನಾವು ಹನ್ನೆರಡು ಮಂದಿ ಏನ ಮಾಡೋದು?"
ನಾನು ಬಿಗಿಯಾಗಿದ್ದ ಸ್ಕ್ರೂವನ್ನೇ ಮತ್ತೆ ಬಿಗಿ ಮಾಡಿದೆ.

ಸಂಜೆ ಪಟ್ಟಿ ನಿಲ್ಲಿಸಿ ಹೊರಡುವ ಹೊತ್ತಿಗೆ
ಇಳಕಲ್ ಸೀರೆಯ ಸೆರಗು ತಂದು
ಸೆನ್ಸರಿನ ಕೆಳಗೆ ಹಿಡಿದಳು.
"ಇದು ಯಾವ ಬಣ್ಣ, ಓದು."
ಆರುನೂರಾ ಹತ್ತು, ನೂರಾ ಇಪ್ಪತ್ತು, ನೂರಾ ನಲವತ್ತು.
"ಕೆಂಪು" ಅಂದೆ.
"ಬರೇ ಕೆಂಪಲ್ಲೋ ಮಬ್ಬ, ದಾಳಿಂಬರಿ ಒಡದಾಗಿಂದು.
ಒತ್ತು ಗುಂಡಿ. ಕಲೀಲಿ ಅದೂ."

ಒತ್ತಿದೆ. ಪಟ್ಟಿ ಬಿಟ್ಟೆ.
ಫಸ್ ಫಸ್ ಫಸ್ ಫಸ್, ಒಂದು ನಿಮಿಷ
ಹಸಿರಿದ್ದದ್ದು, ಕಂದಿದ್ದದ್ದು, ನನಗೆ ಒಂದೇ ಆದದ್ದು
ಎಲ್ಲವೂ ಹಾರಿ ಡಬ್ಬಿ ತುಂಬಿತು.
ಟನ್ನುಗಟ್ಟಲೆ ಮಣೂಕದಲ್ಲಿ ಒಂದು ಕಾಳೂ
ಅವಳ ಸೆರಗಿಗೆ ಹೊಂದಲಿಲ್ಲ.

ಹಳೆಯ ಲೆಕ್ಕ ಮತ್ತೆ ಕೂರಿಸಿ ಬಂದೆ.
ನಾಲ್ಕನೆಯ ಖಾನೆ ಮಾತ್ರ ಅಳಿಸಿಲ್ಲ.